ಜ್ವಾಲಾಮುಖಿಯ ನೆಪ ಇನ್ನು ಸಾಕು

ಹವಾಮಾನದ ಮಾತು ಎತ್ತಿದ ಕೂಡಲೇ ಒಂದು ಸಿದ್ಧ ಉತ್ತರ ಬರುತ್ತದೆ. 'ಭೂಮಿ ಇದಕ್ಕಿಂತ ದೊಡ್ಡದನ್ನು ಕಂಡಿದೆ. ಕೋಟ್ಯಂತರ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಅನಿಲದ ಮುಂದೆ ನಮ್ಮ ಕಾರು, ಕಾರ್ಖಾನೆಗಳ ಹೊಗೆ ಯಾವ ಲೆಕ್ಕ? ಆಗಲೂ ಭೂಮಿ ಬಿಸಿಯಾಗಿತ್ತು, ಆಮೇಲೆ ತಣ್ಣಗಾಯಿತು. ಪ್ರಕೃತಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ.' ಟಿ.ವಿ. ಚರ್ಚೆಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದು ಕೇಳುತ್ತಲೇ ಇರುತ್ತದೆ. ಅದರಲ್ಲೂ ಓದಿದವರ ಬಾಯಲ್ಲಿ ಹೆಚ್ಚು. ಕೇಳಿದವರು ತಲೆದೂಗುತ್ತಾರೆ. ಮರುಪ್ರಶ್ನೆ ಹಾಕುವವರಿಲ್ಲ. ವಿಜ್ಞಾನ ಓದಿಕೊಂಡವರ ಮಾತಿನಂತೆ ಕೇಳಿಸುತ್ತದೆ, ಜೊತೆಗೆ ನಾವು ಏನೂ ಮಾಡಬೇಕಿಲ್ಲ ಎಂಬ ನೆಮ್ಮದಿಯನ್ನೂ ಕೊಡುತ್ತದೆ. ಅಂಥ ಮಾತನ್ನು ಯಾರು ತಾನೇ ಬೇಡ ಎನ್ನುತ್ತಾರೆ?

ಬೇಡ ಎನ್ನಲೇಬೇಕು. ಈ ಮಾತು ಸುಳ್ಳು. ಅದೂ ಸಾಕ್ಷಿಯನ್ನೇ ತಲೆಕೆಳಗಾಗಿ ಹಿಡಿದು ಓದಿದ ಸುಳ್ಳು. ಪ್ರಾಚೀನ ಜ್ವಾಲಾಮುಖಿಗಳ ಚರಿತ್ರೆ ತಮ್ಮ ಪರ ನಿಲ್ಲುತ್ತದೆ ಎಂದು ಈ ಜನ ಅದನ್ನು ಕಟಕಟೆಗೆ ಕರೆಯುತ್ತಾರೆ. ಆ ಸಾಕ್ಷಿ ಬಾಯಿ ಬಿಟ್ಟರೆ ಹೇಳುವುದು ಒಂದೇ: ನೆಲದಡಿಯ ಇಂಗಾಲವನ್ನು ಅವಸರದಲ್ಲಿ ಗಾಳಿಗೆ ಸುರಿದಾಗಲೆಲ್ಲ ಜೀವಲೋಕ ಸತ್ತಿದೆ. ನಾವು ಈಗ ಮಾಡುತ್ತಿರುವುದು ಅದನ್ನೇ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಈ ವಾದ ಮಾಡುವವರು ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ. ಇಂದು ಭೂಮಿಯ ಮೇಲಿರುವ, ಸಮುದ್ರದ ತಳದಲ್ಲಿರುವ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 13 ಕೋಟಿಯಿಂದ 44 ಕೋಟಿ ಟನ್ ಎಂದು ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ಟೆರೆನ್ಸ್ ಗರ್ಲಾಕ್ 2011ರಲ್ಲಿ ಲೆಕ್ಕ ಕೊಟ್ಟರು. ಮನುಷ್ಯರು ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಮತ್ತು ಸಿಮೆಂಟ್ ತಯಾರಿಸಿ ಬಿಡುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಜ್ವಾಲಾಮುಖಿಗಳ ಗರಿಷ್ಠ ಅಂದಾಜನ್ನೇ ಹಿಡಿದರೂ ನಮ್ಮದು ಎಂಬತ್ತು ಪಟ್ಟಿಗಿಂತ ಹೆಚ್ಚು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿಯಿತಲ್ಲ, 20ನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದು, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 5 ಕೋಟಿ ಟನ್. ಅಷ್ಟನ್ನು ನಾವು ಅರ್ಧ ದಿನದಲ್ಲಿ ಬಿಡುತ್ತೇವೆ. ಬೆಳಗಿನ ಕಾಫಿಯಿಂದ ರಾತ್ರಿಯ ಊಟದೊಳಗೆ ಒಂದು ಪಿನಾಟುಬೊ, ಪ್ರತಿದಿನ. ಇದರ ಮುಂದೆ 'ನಮ್ಮ ಹೊಗೆ ಯಾವ ಲೆಕ್ಕ' ಎಂದು ಕೇಳಲು ನಾಲಿಗೆ ಹೇಗೆ ಹೊರಳುತ್ತದೆ?

ಗಾಳಿಯಲ್ಲಿ ಹೆಚ್ಚಿದ ಇಂಗಾಲ ಜ್ವಾಲಾಮುಖಿಯದೇ ಇರಬಹುದಲ್ಲ ಎಂಬ ತಗಾದೆಯೂ ಉಂಟು. ಅದಕ್ಕೂ ಉತ್ತರ ಸಿಕ್ಕಿದೆ, ಅದೂ ಒಂದು ಜ್ವಾಲಾಮುಖಿಯ ಮೈಮೇಲಿನಿಂದಲೇ. ಹವಾಯಿಯ ಮೌನಾ ಲೋವಾ ಪರ್ವತದ ಇಳಿಜಾರಿನಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಳತೆ ಶುರುಮಾಡಿದರು. ಕೈಗಾರಿಕಾ ಕ್ರಾಂತಿಗೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಗಾಳಿಯ ಇಂಗಾಲದಲ್ಲಿ ಭಾರದ ಐಸೊಟೋಪಿನ ಪಾಲು ಕುಗ್ಗುತ್ತಿದೆ; ಅದು ಗಿಡಮರಗಳಿಂದ ಆದ ಇಂಧನದ ಗುರುತು, ಶಿಲಾರಸದ್ದಲ್ಲ. ಅಷ್ಟೇ ಅಲ್ಲ, ಗಾಳಿಯ ಆಮ್ಲಜನಕವೂ ಚೂರುಚೂರೇ ಇಳಿಯುತ್ತಿದೆ ಎಂದು ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಅಳೆದು ತೋರಿಸಿದ್ದಾರೆ. ಜ್ವಾಲಾಮುಖಿ ಇಂಗಾಲದ ಡೈಆಕ್ಸೈಡನ್ನು ಹಾಗೆಯೇ ಹೊರಬಿಡುತ್ತದೆ, ಅದಕ್ಕೆ ಗಾಳಿಯ ಆಮ್ಲಜನಕ ಬೇಕಿಲ್ಲ. ಆಮ್ಲಜನಕ ಬೇಕಾಗುವುದು ಬೆಂಕಿಗೆ. ಉರಿ ಹಚ್ಚಿದವರು ಯಾರು ಎಂಬುದಕ್ಕೆ ಇನ್ನೆಂಥ ಸಾಕ್ಷಿ ಬೇಕು?

ಇನ್ನು ಇವರು ಇಷ್ಟು ಧೈರ್ಯವಾಗಿ ಉದಾಹರಿಸುವ ಆ ಪ್ರಾಚೀನ ಕಾಲಕ್ಕೆ ಬರೋಣ.

25.2 ಕೋಟಿ ವರ್ಷಗಳ ಹಿಂದೆ ಈಗಿನ ಸೈಬೀರಿಯಾದಲ್ಲಿ ನೆಲ ಬಿರಿಯಿತು. ಶಂಕುವಿನಾಕಾರದ ಬೆಟ್ಟ, ಅದರ ತುದಿಯಲ್ಲಿ ಹೊಗೆ, ಇಂಥ ಜ್ವಾಲಾಮುಖಿಯಲ್ಲ ಅದು. ಬಿರುಕು ಬಿರುಕುಗಳಿಂದ ಲಕ್ಷಾಂತರ ವರ್ಷ ಲಾವಾ ಉಕ್ಕಿ ಹರಿಯಿತು. ಅದು ಮುಚ್ಚಿದ ನೆಲ ಇಡೀ ಭಾರತಕ್ಕಿಂತ ದೊಡ್ಡದು. ಹೊರಬಂದ ಶಿಲಾರಸವನ್ನು ಎಣಿಸಬೇಕಾದರೆ ಹತ್ತಾರು ಲಕ್ಷ ಘನ ಕಿಲೋಮೀಟರುಗಳಲ್ಲಿ ಎಣಿಸಬೇಕು. ಆ ಹೊತ್ತಿನಲ್ಲೇ ಸಮುದ್ರದ ಜೀವಪ್ರಭೇದಗಳಲ್ಲಿ ಶೇ 80ಕ್ಕೂ ಹೆಚ್ಚು ಅಳಿದವು. ಸುಮಾರು 27 ಕೋಟಿ ವರ್ಷ ಕಡಲನ್ನು ಆಳಿದ ಟ್ರೈಲೋಬೈಟುಗಳ ಕೊನೆಯ ವಂಶವೂ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಕಾಡುಗಳು ಕುಸಿದವು. ಕೀಟಗಳೂ ದೊಡ್ಡ ಪ್ರಮಾಣದಲ್ಲಿ ನಾಶವಾದವು. ಭೂಮಿಯ ಜೀವಚರಿತ್ರೆಯಲ್ಲಿ ಇಷ್ಟು ದೊಡ್ಡ ಸಾವು ಇನ್ನೊಂದಿಲ್ಲ.

ಇದೆಲ್ಲ ಊಹೆಯಲ್ಲ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೈಷಾನ್ ಎಂಬಲ್ಲಿ ಸುಣ್ಣಕಲ್ಲಿನ ಪದರಗಳು ಒಂದರ ಮೇಲೊಂದು ತೆರೆದು ಕಾಣುತ್ತವೆ. ಕೆಳಗಿನ ಪದರಗಳ ತುಂಬ ಜೀವಿಗಳ ಪಳೆಯುಳಿಕೆ. ಅವುಗಳ ಮೇಲೆ ಬೆರಳುಗಳ ಅಗಲದಷ್ಟು ದಪ್ಪದ ಒಂದು ಜೇಡಿ ಪದರ, ಅದು ಜ್ವಾಲಾಮುಖಿಯ ಬೂದಿಯಿಂದ ಆದದ್ದು. ಅದನ್ನು ದಾಟಿದರೆ ಹೆಚ್ಚಿನ ಜೀವಿಗಳು ಕಾಣೆ. ಆ ಬೂದಿಯಲ್ಲಿ ಜಿರ್ಕಾನ್ ಎಂಬ ಹರಳುಗಳು ಸಿಗುತ್ತವೆ. ಅವುಗಳೊಳಗಿನ ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗುತ್ತದೆ, ಅದರಿಂದ ವಯಸ್ಸು ತಿಳಿಯುತ್ತದೆ. ಸೇತ್ ಬರ್ಗೆಸ್, ಸ್ಯಾಮ್ ಬೌರಿಂಗ್ ಮತ್ತು ಷೆನ್ ಷುಝೋಂಗ್ 2014ರಲ್ಲಿ ಆ ಹರಳುಗಳನ್ನು ಅಳೆದು ಹೇಳಿದ್ದು: ಅಳಿವು ನಡೆದ ಅವಧಿ ಸುಮಾರು 60 ಸಾವಿರ ವರ್ಷ, ಅಂದಾಜಿನಲ್ಲಿ 48 ಸಾವಿರ ವರ್ಷ ಆಚೀಚೆ. ಭೂಮಿಯ ವಯಸ್ಸಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದೇ ಕಾಲದ ಸಮುದ್ರದ ಕೆಸರಿನಲ್ಲಿ ಪಾದರಸ ಏರಿದ ಗುರುತು ದೇಶದೇಶಗಳಲ್ಲಿ ಸಿಕ್ಕಿದೆ. ಪಾದರಸವನ್ನು ಗಾಳಿಗೆ ಎರಚುವ ದೊಡ್ಡ ಮೂಲ ಜ್ವಾಲಾಮುಖಿ.

ಈ ವಾದದವರು ಅಡಗಿಸುವ, ಅಥವಾ ತಿಳಿದುಕೊಳ್ಳಲು ಒಲ್ಲದ ಸಂಗತಿ ಮುಂದಿದೆ. ಕೊಂದದ್ದು ಲಾವಾ ಅಲ್ಲ. ಲಾವಾ ತನ್ನ ದಾರಿಗೆ ಬಂದದ್ದನ್ನಷ್ಟೇ ಸುಡುತ್ತದೆ. ಸೈಬೀರಿಯಾದ ಲಾವಾ ಚೀನಾದ ಕಡಲನ್ನು ಮುಟ್ಟಲಿಲ್ಲ. ಕೊಂದದ್ದು ಅನಿಲ. ಆ ಅನಿಲದ ದೊಡ್ಡ ಪಾಲು ಬಂದದ್ದು ಎಲ್ಲಿಂದ? ಸೈಬೀರಿಯಾದ ತುಂಗುಸ್ಕ ಜಲಾನಯನದ ನೆಲದಡಿ ಕಲ್ಲಿದ್ದಲು, ತೈಲ, ಉಪ್ಪಿನ ದಪ್ಪ ಪದರಗಳಿವೆ. ಶಿಲಾರಸ ಮೇಲೇಳುವಾಗ ಆ ಪದರಗಳ ನಡುವೆ ಹಾಳೆ ಹಾಳೆಯಾಗಿ ನುಗ್ಗಿ ಅವನ್ನು ಬೇಯಿಸಿತು. ಹೆನ್ರಿಕ್ ಸ್ವೆನ್ಸೆನ್ ಮತ್ತು ಸಂಗಡಿಗರು ಅಲ್ಲಿ ಅನಿಲ ನೆಲವನ್ನು ಸೀಳಿ ಹೊರಹಾರಿದ ಕೊಳವೆಗಳನ್ನೇ ಗುರುತಿಸಿದರು. 2020ರಲ್ಲಿ ಲಿಂಡಾ ಎಲ್ಕಿನ್ಸ್-ಟ್ಯಾಂಟನ್ ಅವರ ತಂಡ ಸೈಬೀರಿಯಾದ ಜ್ವಾಲಾಮುಖಿ ಶಿಲೆಗಳೊಳಗೆ ಸುಟ್ಟ ಕಲ್ಲಿದ್ದಲಿನ, ಸುಟ್ಟ ಮರದ ತುಣುಕುಗಳನ್ನು ತೋರಿಸಿತು. ಅದಕ್ಕೂ ಮೊದಲು, 2011ರಲ್ಲಿ, ಸ್ಟೀಫನ್ ಗ್ರಾಸ್‌ಬಿ ಮತ್ತು ಸಂಗಡಿಗರಿಗೆ ಕೆನಡಾದ ಉತ್ತರ ತುದಿಯ ಶಿಲೆಗಳಲ್ಲಿ ಅಳಿವಿಗೆ ತುಸು ಮೊದಲಿನ ಪದರದಲ್ಲಿ ಕರಿಕಣಗಳು ಸಿಕ್ಕವು. ಸೂಕ್ಷ್ಮದರ್ಶಕದಲ್ಲಿ ಅವು ಇಂದಿನ ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನೇ ಹೋಲುತ್ತಿದ್ದವು.

ಹಾರುಬೂದಿ. ರಾಯಚೂರಿನ ಶಕ್ತಿನಗರದ ಸುತ್ತ ಬದುಕುವವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಅದು ಅವರ ಬೆಳೆಯ ಮೇಲೆ, ಮನೆಯ ಮಾಡಿನ ಮೇಲೆ ಕೂರುತ್ತದೆ. ಜೀವಲೋಕದ ಮಹಾಮರಣದ ಹೊಸ್ತಿಲಿನ ಪದರದಲ್ಲೂ ಅಂಥದೇ ಬೂದಿ. ಅಂದಮೇಲೆ ಸೈಬೀರಿಯಾವನ್ನು 'ಪ್ರಕೃತಿಯ ಆಟ' ಎಂದು, ನಮ್ಮದನ್ನು ಬೇರೆಯೇ ವಿಷಯ ಎಂದು ವಿಂಗಡಿಸುವುದು ಹೇಗೆ? ಅಲ್ಲಿ ಕಲ್ಲಿದ್ದಲನ್ನು ಸುಟ್ಟದ್ದು ಶಿಲಾರಸ, ಇಲ್ಲಿ ಸುಡುತ್ತಿರುವುದು ನಮ್ಮ ಬಾಯ್ಲರು. ಗಾಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಂಟು ಇನ್ನೂ ಆಳಕ್ಕೆ ಹೋಗುತ್ತದೆ. ಶಕ್ತಿನಗರದ, ಬಳ್ಳಾರಿಯ, ಕೂಡಗಿಯ ಸ್ಥಾವರಗಳಿಗೆ ಬರುವ ದೇಶಿ ಕಲ್ಲಿದ್ದಲು ಬಹುಪಾಲು ಗೊಂಡ್ವಾನಾ ಕಲ್ಲಿದ್ದಲು, ಸೈಬೀರಿಯಾದ ಆ ದುರಂತದೊಂದಿಗೆ ಮುಗಿದ ಪರ್ಮಿಯನ್ ಯುಗದ್ದು. ಆ ಯುಗದಲ್ಲಿ ದಕ್ಷಿಣದ ಭೂಖಂಡಗಳನ್ನು ತುಂಬಿದ್ದ ಗ್ಲಾಸಾಪ್ಟೆರಿಸ್ ಕಾಡುಗಳೇ ಮಣ್ಣಿನಡಿ ಒತ್ತಿ ಕಲ್ಲಿದ್ದಲಾದವು. ಅವುಗಳ ನಾಲಿಗೆಯಾಕಾರದ ಎಲೆಗಳ ಅಚ್ಚು ಇಂದಿಗೂ ಗಣಿಗಳಲ್ಲಿ ಸಿಗುತ್ತದೆ. ಆ ಮರಗಳ ಕುಲ ಕೊನೆಗೊಂಡದ್ದು ಇದೇ ಪರ್ಮಿಯನ್ ಅಂತ್ಯದ ಮಹಾಅಳಿವಿನಲ್ಲಿ. ಇಂಗಾಲದ ಸುರಿಮಳೆಗೆ ಬಲಿಯಾದ ಕುಲದ ಮರಗಳನ್ನೇ ಅಗೆದು ತೆಗೆದು ಮತ್ತೆ ಇಂಗಾಲವಾಗಿ ಗಾಳಿಗೆ ಬಿಡುತ್ತಿದ್ದೇವೆ. ಇದು ತಿಳಿದ ಮೇಲೂ 'ಭೂಮಿ ಇಂಥದ್ದನ್ನು ಕಂಡಿದೆ' ಎಂಬ ಮಾತಿನಲ್ಲಿ ಯಾರಿಗಾದರೂ ಸಮಾಧಾನ ಸಿಗಬೇಕೇ? ಕಂಡಿದೆ, ನಿಜ. ಕಂಡದ್ದರ ಫಲ ಏನಾಯಿತು ಎಂಬುದನ್ನೂ ಹೇಳಿ ಮುಗಿಸಿ.

'ಆದರೂ ಭೂಮಿ ಉಳಿಯಿತಲ್ಲ, ಜೀವ ಮತ್ತೆ ಚಿಗುರಿತಲ್ಲ' ಎನ್ನುತ್ತಾರೆ. ಎಷ್ಟು ಕಾಲಕ್ಕೆ ಚಿಗುರಿತು? ಸೈಬೀರಿಯಾದ ಅನಂತರ ಸುಮಾರು ಒಂದು ಕೋಟಿ ವರ್ಷಗಳ ಕಾಲದ ಶಿಲೆಗಳಲ್ಲಿ ಕಲ್ಲಿದ್ದಲಿನ ಪದರಗಳೇ ಇಲ್ಲ. ಕಲ್ಲಿದ್ದಲಾಗಿ ಕೂರುವಷ್ಟು ಜೌಗು ಕಾಡು ಎಲ್ಲೂ ಬೆಳೆಯಲಿಲ್ಲ. ಹವಳದ ದಿಬ್ಬಗಳು ಹಲವು ದಶಲಕ್ಷ ವರ್ಷ ಕಾಣೆಯಾದವು. ದಕ್ಷಿಣ ಚೀನಾದ ಪಳೆಯುಳಿಕೆಗಳನ್ನು ಪರೀಕ್ಷಿಸಿದವರು ಉಷ್ಣವಲಯದ ಸಮುದ್ರದ ಮೇಲ್ಮೈ ತಾಪ 40 ಡಿಗ್ರಿ ಸೆಲ್ಸಿಯಸ್‌ ಹತ್ತಿರ ಹೋಗಿತ್ತು ಎನ್ನುತ್ತಾರೆ. ಆಧುನಿಕ ಮನುಷ್ಯ ಕುಲಕ್ಕೆ ಆಗಿರುವ ವಯಸ್ಸು ಸುಮಾರು ಮೂರು ಲಕ್ಷ ವರ್ಷ. ಬೇಸಾಯಕ್ಕೆ ಹೆಚ್ಚೆಂದರೆ ಹನ್ನೆರಡು ಸಾವಿರ. ಕೋಟಿ ವರ್ಷದ ಮೇಲೆ ಬರುವ ಚಿಗುರು ಯಾರಿಗೆ? ಭೂಮಿ ಉಳಿಯುತ್ತದೆ ಎಂದು ಹೇಳುವವರು ಮೊದಲು ಅದರಲ್ಲಿ ತಾವು, ತಮ್ಮ ಮೊಮ್ಮಕ್ಕಳು, ರಾಗಿ, ಜೋಳ, ಭತ್ತ, ದನಕರು ಉಳಿಯುತ್ತವೆಯೇ ಎಂದು ಹೇಳಲಿ. ಬಂಡೆ ಉಳಿಯುತ್ತದೆ ಎಂಬುದು ಬದುಕುವವರಿಗೆ ಕೊಡುವ ಆಶ್ವಾಸನೆಯಲ್ಲ.

ಇನ್ನೊಂದು ಜಾಣತನ ಕಾಲದ ಅಳತೆಯದ್ದು. 'ಸೈಬೀರಿಯಾದಲ್ಲಿ ಬಿಟ್ಟ ಒಟ್ಟು ಇಂಗಾಲಕ್ಕೆ ಹೋಲಿಸಿದರೆ ನಾವು ಬಿಟ್ಟದ್ದು ಕಡಿಮೆ' ಎಂಬ ವಾದ. ಒಟ್ಟು ಪ್ರಮಾಣ ಕಡಿಮೆ ಇರುವುದು ನಿಜ. ನಾವು ಶುರುಮಾಡಿ ಇನ್ನೂ ಇನ್ನೂರು ಚಿಲ್ಲರೆ ವರ್ಷ ಮಾತ್ರ. ಕೊಲ್ಲುವುದು ವೇಗ. ಇಂಗಾಲ ನಿಧಾನವಾಗಿ ಬಂದರೆ ಶಿಲೆಗಳು ಸವೆದು ಅದನ್ನು ಹೀರಿಕೊಳ್ಳುತ್ತವೆ, ಸಮುದ್ರದ ಆಳದ ನೀರು ಕಲೆತು ಆಮ್ಲತೆಯನ್ನು ಹದಕ್ಕೆ ತರುತ್ತದೆ, ಜೀವಿಗಳು ತಲೆಮಾರುಗಳಲ್ಲಿ ಒಗ್ಗಿಕೊಳ್ಳುತ್ತವೆ. ಅವಸರದಲ್ಲಿ ಬಂದರೆ ಯಾವುದಕ್ಕೂ ಪುರುಸೊತ್ತಿಲ್ಲ. ನಾವು ಈಗ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲವನ್ನು ಗಾಳಿಗೆ ಬಿಡುತ್ತಿದ್ದೇವೆ. ಸೈಬೀರಿಯಾದ ಘಟನೆಗೆ ವಿಜ್ಞಾನಿಗಳು ಕಟ್ಟಿರುವ ವಾರ್ಷಿಕ ಸರಾಸರಿ ಇದಕ್ಕಿಂತ ಬಹಳ ಕಡಿಮೆ. ಭೂಮಿಯ ಅತಿ ಭೀಕರ ದುರಂತವನ್ನು ವೇಗದಲ್ಲಿ ಹಿಂದೆ ಹಾಕಿದವರು, ಅದೇ ದುರಂತವನ್ನು ತೋರಿಸಿ ನಿಶ್ಚಿಂತೆಯಾಗಿರಿ ಎನ್ನುವುದು ಯಾವ ಬುದ್ಧಿವಂತಿಕೆ?

ಕಡಲಿಗೆ ಆಗ ಏನಾಯಿತೋ ಈಗಲೂ ಅದೇ ಶುರುವಾಗಿದೆ. 2018ರಲ್ಲಿ ಜಸ್ಟಿನ್ ಪೆನ್, ಕರ್ಟಿಸ್ ಡಾಯ್ಚ್ ಮತ್ತು ಸಂಗಡಿಗರು ಪರ್ಮಿಯನ್ ಅಂತ್ಯದ ಸಾಗರವನ್ನು ಕಂಪ್ಯೂಟರಿನಲ್ಲಿ ಮರುನಿರ್ಮಿಸಿ ನೋಡಿದರು. ನೀರು ಬಿಸಿಯಾದದ್ದು, ಅದರಲ್ಲಿ ಕರಗಿದ ಆಮ್ಲಜನಕ ಇಳಿದದ್ದು, ಈ ಎರಡೇ ಸಾಗರಜೀವಿಗಳ ನಾಶದ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ಕಾರಣ ಎಂಬ ಉತ್ತರ ಬಂತು. ಬಿಸಿ ನೀರಿನಲ್ಲಿ ಜೀವಿಗೆ ಉಸಿರು ಹೆಚ್ಚು ಬೇಕು, ಆದರೆ ಬಿಸಿ ನೀರು ಆಮ್ಲಜನಕವನ್ನು ಹಿಡಿದಿಡುವುದು ಕಡಿಮೆ. ನಮ್ಮ ಕರಾವಳಿಯ ಮುಂದಿರುವ ಅರಬ್ಬಿ ಸಮುದ್ರದ ಮಧ್ಯದ ಆಳಗಳಲ್ಲಿ ಈಗಾಗಲೇ ಜಗತ್ತಿನ ಅತಿ ತೀವ್ರ ಆಮ್ಲಜನಕ ಕೊರತೆಯ ವಲಯಗಳಲ್ಲೊಂದಿದೆ. ಮಳೆಗಾಲದ ಕೊನೆಗೆ ಆ ಉಸಿರಿಲ್ಲದ ನೀರು ಪಶ್ಚಿಮ ಕರಾವಳಿಯ ಹತ್ತಿರಕ್ಕೂ ಏರಿ ಬರುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳು ಬಂಗುಡೆ, ಬೂತಾಯಿ ಹುಡುಕಿ ಹೋಗುವುದು ಇದೇ ಕಡಲಿಗೆ. ಅದನ್ನು ಇನ್ನಷ್ಟು ಬಿಸಿ ಮಾಡಿ, ಮೀನುಗಾರರಿಗೆ 'ಭೂಮಿ ಇದಕ್ಕಿಂತ ದೊಡ್ಡದನ್ನು ಕಂಡಿದೆ' ಎಂದು ಯಾವ ಮುಖದಿಂದ ಹೇಳುತ್ತೀರಿ?

'ಜ್ವಾಲಾಮುಖಿ ಭೂಮಿಯನ್ನು ತಂಪು ಮಾಡುತ್ತದೆ' ಎಂಬ ಅರ್ಧಸತ್ಯವನ್ನೂ ಈ ವಾದಕ್ಕೆ ಬಳಸುತ್ತಾರೆ. ಪಿನಾಟುಬೊ ಎಸೆದ ಗಂಧಕದ ಅನಿಲ ಮೇಲಿನ ವಾಯುಮಂಡಲದಲ್ಲಿ ಮಂಜಾಗಿ ಹರಡಿ ಜಗತ್ತಿನ ತಾಪವನ್ನು ಅರ್ಧ ಡಿಗ್ರಿಯಷ್ಟು ಇಳಿಸಿತು, ಹೌದು. ಎರಡು ಮೂರು ವರ್ಷದಲ್ಲಿ ಆ ಗಂಧಕ ಕೆಳಗಿಳಿದು ಹೋಯಿತು. ಇಂಗಾಲ ಉಳಿಯುವುದು ಸಾವಿರಾರು ವರ್ಷ. ಗಂಧಕ ಉಪಕಾರಿಯೂ ಅಲ್ಲ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕಿನಿಂದ ಎಂಟು ತಿಂಗಳು ಲಾವಾ ಹರಿಯಿತು. ಸುಮಾರು 15 ಘನ ಕಿಲೋಮೀಟರು, ಜೊತೆಗೆ ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್. ಹುಲ್ಲಿಗೆ ಫ್ಲೋರಿನ್ ವಿಷ ಇಳಿದು ಅರ್ಧಕ್ಕಿಂತ ಹೆಚ್ಚು ದನ-ಕುರಿ ಸತ್ತವು. ಮೇಲೆ ಬಂದ ಬರಗಾಲದಲ್ಲಿ ದೇಶದ ಐದರಲ್ಲೊಂದು ಪಾಲು ಜನ ಸತ್ತರು. ಹದಿನೈದು ಘನ ಕಿಲೋಮೀಟರಿಗೆ ಇಷ್ಟು.

ಈ ನಿಶ್ಚಿಂತೆಗೆ ನೀರೆರೆದದ್ದು ನಾವು ಮಕ್ಕಳಿಗೆ ಕಲಿಸುವ ಕಥೆಯೂ ಹೌದು. ಅಳಿವು ಎಂದರೆ ಡೈನೊಸಾರ್, ಡೈನೊಸಾರ್ ಎಂದರೆ ಆಕಾಶದಿಂದ ಬಿದ್ದ ಕ್ಷುದ್ರಗ್ರಹ. ಪುಸ್ತಕ, ಸಿನಿಮಾ ಎಲ್ಲೆಡೆ ಅದೇ ಚಿತ್ರ. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಬಿದ್ದ ಕ್ಷುದ್ರಗ್ರಹದ ಕೊಲೆಗಾರ ಪಾತ್ರ ಸಾಬೀತಾಗಿದೆ. ಆದರೆ ಐದು ಮಹಾಅಳಿವುಗಳಲ್ಲಿ ಹಾಗೆ ಸಾಬೀತಾದದ್ದು ಅದೊಂದೇ. 25.2 ಕೋಟಿ ವರ್ಷಗಳ ಹಿಂದಿನದ್ದು ಸೈಬೀರಿಯಾದ ಲಾವಾದೊಂದಿಗೆ, 20.1 ಕೋಟಿ ವರ್ಷಗಳ ಹಿಂದಿನದ್ದು ಮೊರಾಕ್ಕೊದಿಂದ ಬ್ರೆಜಿಲ್‌ವರೆಗೆ ಹರಡಿದ ಮಧ್ಯ ಅಟ್ಲಾಂಟಿಕ್ ಲಾವಾದೊಂದಿಗೆ ಹೊಂದಿಕೊಂಡಿವೆ. ಅಳಿವನ್ನು ಆಕಸ್ಮಿಕ ಎಂದು, ಮೇಲಿನಿಂದ ಬೀಳುವ ವಿಧಿ ಎಂದು ಕಲಿತ ಮಗು ದೊಡ್ಡದಾದ ಮೇಲೆ ಹೊಗೆಕೊಳವೆಯನ್ನು ನೋಡಿ ಅಳಿವನ್ನು ನೆನೆಯುವುದಿಲ್ಲ. ನೆನೆಯಬೇಕಿತ್ತು.

ಕನ್ನಡದ ಮಗುವಿಗಂತೂ ಇದನ್ನು ಕಲಿಸದಿರುವುದು ಅಕ್ಷಮ್ಯ. ಡೈನೊಸಾರುಗಳು ಅಳಿದ ಅದೇ ಕಾಲದಲ್ಲಿ ಉಕ್ಕಿದ ದಖ್ಖನ್ ಲಾವಾ ನಮ್ಮ ನೆಲದ ಭಾಗ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಉತ್ತರ ಭಾಗಗಳು ಅದರ ಮೇಲಿವೆ. ಆ ಅಳಿವಿನಲ್ಲಿ ದಖ್ಖನ್ನಿನ ಪಾಲು ದೊಡ್ಡದು ಎಂದು ಗರ್ಟಾ ಕೆಲ್ಲರ್‌ರಂಥ ವಿಜ್ಞಾನಿಗಳು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ, ಜಗತ್ತಿನ ವಿಜ್ಞಾನಿಗಳು ನಮ್ಮ ಕಲ್ಲುಗಳನ್ನು ಹೊತ್ತೊಯ್ದು ಅಳೆಯುತ್ತಿದ್ದಾರೆ. ಇಲ್ಲಿನ ಪಾಠ ಮಾತ್ರ ಸಾಮಾನ್ಯವಾಗಿ ಎರೆಮಣ್ಣು ಹತ್ತಿಗೆ ಒಳ್ಳೆಯದು ಎಂಬಲ್ಲಿಗೆ ನಿಲ್ಲುತ್ತದೆ. ಗೋಲಗುಮ್ಮಟ ಕಟ್ಟಿದ್ದು ಇದೇ ಕರಿಕಲ್ಲಿನಲ್ಲಿ. ವಿಜಯಪುರದ ಸುತ್ತ ಬಾವಿ ತೋಡಿ ರಾಶಿ ಹಾಕಿದ ಕಲ್ಲೊಂದನ್ನು ಕೈಗೆತ್ತಿ ನೋಡಿ. ಅದರ ಮೈಯಲ್ಲಿ ಕಡಲೆಗಾತ್ರದ ತೂತುಗಳು, ಕೆಲವು ಖಾಲಿ, ಕೆಲವು ಬಿಳಿ ಹರಳಿನಿಂದ ತುಂಬಿಕೊಂಡಿರುತ್ತವೆ. ಲಾವಾ ಗಟ್ಟಿಯಾಗುವಾಗ ಒಳಗಿದ್ದ ಅನಿಲ ಗುಳ್ಳೆಯಾಗಿ ನಿಂತ ಜಾಗ ಅದು. ಕಲ್ಲು ಇಲ್ಲೇ ಉಳಿಯಿತು, ಅನಿಲ ಗಾಳಿಗೆ ಹೋಯಿತು. ಇಡೀ ಪಾಠ ಆ ತೂತಿನಲ್ಲಿದೆ. ಒಬ್ಬ ಮೇಷ್ಟರು ತರಗತಿಗೆ ಆ ಕಲ್ಲನ್ನು ಒಯ್ಯಲು ಖರ್ಚೇನೂ ಇಲ್ಲ.

ಆದ್ದರಿಂದ ನನ್ನ ಒತ್ತಾಯ ಸ್ಪಷ್ಟ. 'ಹವಾಮಾನ ಎಂದಿನಿಂದಲೂ ಬದಲಾಗುತ್ತಿದೆ' ಎಂಬ ಮಾತನ್ನು ಒಂದು ಅಭಿಪ್ರಾಯವೆಂದು ಗೌರವಿಸುವುದನ್ನು ಸಂಪಾದಕರು, ಚರ್ಚೆ ನಡೆಸುವವರು ನಿಲ್ಲಿಸಬೇಕು. ಯಾರಾದರೂ ಜ್ವಾಲಾಮುಖಿಯ ಹೆಸರೆತ್ತಿದರೆ ಅಲ್ಲೇ ಕೇಳಬೇಕು: ಯಾವ ಜ್ವಾಲಾಮುಖಿ, ಎಷ್ಟು ಟನ್, ಎಷ್ಟು ವರ್ಷದಲ್ಲಿ, ಆಮೇಲೆ ಉಳಿದವರಾರು? ಶಾಲೆಯ ಪಠ್ಯದಲ್ಲಿ ಸೈಬೀರಿಯಾ, ದಖ್ಖನ್ ಎರಡೂ ಬರಬೇಕು. ಎರೆಮಣ್ಣಿನ ಪಾಠದಲ್ಲೇ ಅಳಿವಿನ ಪಾಠವೂ ಸೇರಬೇಕು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಲ್ಲಿದ್ದಲು ಸುಡುತ್ತಿದೆ. ರಾಜ್ಯದಲ್ಲಿ ಇನ್ನೊಂದು ಕಲ್ಲಿದ್ದಲು ಘಟಕಕ್ಕೂ ಅನುಮತಿ ಕೊಡಕೂಡದು. ಇರುವ ಘಟಕಗಳಲ್ಲಿ ಹಳೆಯವು ಯಾವಾಗ ಮುಚ್ಚುತ್ತವೆ ಎಂಬುದನ್ನು ಸರ್ಕಾರ ಇಸವಿ ಹಾಕಿ ಪ್ರಕಟಿಸಬೇಕು. ಅಲ್ಲಿ ದುಡಿಯುವವರಿಗೆ ಬದಲಿ ಕೆಲಸವನ್ನೂ ಅದೇ ಆದೇಶದಲ್ಲಿ ಬರೆಯಬೇಕು. ಪಾವಗಡದ ಬಯಲಿನಲ್ಲಿ ಬಿಸಿಲಿನಿಂದ, ಚಿತ್ರದುರ್ಗ-ಗದಗದ ಗುಡ್ಡಗಳಲ್ಲಿ ಗಾಳಿಯಿಂದ ವಿದ್ಯುತ್ ತೆಗೆದು ತೋರಿಸಿದ ರಾಜ್ಯಕ್ಕೆ ದಾರಿ ಗೊತ್ತಿಲ್ಲ ಎಂಬ ನೆಪವಿಲ್ಲ. ಮತ ಕೇಳಲು ಬಂದವರಿಗೆ ರಸ್ತೆ, ಚರಂಡಿಯ ಜೊತೆ ಈ ಪ್ರಶ್ನೆಯನ್ನೂ ಹಾಕಿ, ಉತ್ತರ ಬರುವವರೆಗೆ ಬಿಡಬೇಡಿ.

ಸೈಬೀರಿಯಾದ ಶಿಲಾರಸಕ್ಕೆ ಕಲ್ಲಿದ್ದಲಿನ ಪದರ ಎದುರಾದಾಗ ಪಕ್ಕಕ್ಕೆ ಸರಿಯುವ ಆಯ್ಕೆ ಇರಲಿಲ್ಲ. ಅದಕ್ಕೆ ಕಣ್ಣಿರಲಿಲ್ಲ, ವಿವೇಕವಿರಲಿಲ್ಲ, ಹಿಂದೆ ಏನಾಗಿತ್ತೆಂದು ಹೇಳುವವರಿರಲಿಲ್ಲ. ನಮಗೆ ಎಲ್ಲವೂ ಇದೆ. ಮೈಷಾನಿನ ಬೂದಿ ಇದೆ, ಮೌನಾ ಲೋವಾದ ಅಳತೆ ಇದೆ, ಲೆಕ್ಕ ಹಾಕಿದವರ ಎಚ್ಚರಿಕೆ ಇದೆ. ಒಟ್ಟು ಇಂಗಾಲ ಇನ್ನೂ ಸೈಬೀರಿಯಾದ ಮಟ್ಟ ಮುಟ್ಟಿಲ್ಲ ಎಂಬುದು ಸುಮ್ಮನಿರಲು ಕಾರಣವಲ್ಲ. ನಿಲ್ಲಿಸಲು ಉಳಿದಿರುವ ಸಮಯ ಅದು, ಬೇರೆ ಸಮಯ ಇಲ್ಲ. ತಿಳಿಯದೆ ಮಾಡಿದ್ದಕ್ಕೆ ಬಂಡೆಯನ್ನು ಯಾರೂ ದೂರುವುದಿಲ್ಲ. ತಿಳಿದೂ ಮಾಡುವವರನ್ನು ದೂರಲೇಬೇಕು, ತಡೆಯಲೇಬೇಕು. ಆ ಕೆಲಸ ಈ ಸುಳ್ಳು ಸಮಾಧಾನವನ್ನು ಕೇಳಿದಲ್ಲೇ ಖಂಡಿಸುವುದರಿಂದ ಶುರುವಾಗಲಿ, ಕಲ್ಲಿದ್ದಲಿನ ಒಲೆಗಳು ಆರುವವರೆಗೆ ನಿಲ್ಲದಿರಲಿ.